ನೀಲಾಬಾಯಿಯ ಆಕ್ಷೇಪಣೆ ಮತ್ತು ಒಂದು ವೈ-ಫೈ ಡ್ರೈವರ್

1

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ಕಥೆಗಾರ ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದಾನೆ. ಲ್ಯಾಪ್‌ಟಾಪ್ ಕೆಟ್ಟಿತು ಎಂದರೆ ರಿಪೇರಿ ಅಂಗಡಿಗೆ ಹೋಗು ಎನ್ನುತ್ತೀರಿ. ಗಂಡ-ಹೆಂಡಿರ ಜಗಳ ಎಂದರೆ ಪುಟ ತಿರುವುತ್ತೀರಿ, ನಿಮ್ಮ ಮನೆಯಲ್ಲೂ ಅದು ಧಾರಾಳವಾಗಿ ಇರುತ್ತದೆ.

ಇರಲಿ. ಘಾಟ್ಕೋಪರ್‌ನ ಒಂದು ವಸತಿ ಸೊಸೈಟಿಯ ನಾಲ್ಕನೇ ಮಾಳಿಗೆಯಲ್ಲಿ ಮುರಿಗೆಪ್ಪ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾನೆ. ವೈ-ಫೈ ಆನ್ ಮಾಡಿದ ಎರಡೇ ನಿಮಿಷಕ್ಕೆ ಪರದೆಯೆಲ್ಲ ನೀಲಿಯಾಗುತ್ತದೆ, ಅದರ ಮೇಲೊಂದು ಸಪ್ಪೆ ಮೋರೆ ಮೂಡುತ್ತದೆ, ಯಂತ್ರ ತಾನಾಗಿ ಸತ್ತು ತಾನಾಗಿ ಹುಟ್ಟುತ್ತದೆ. ವೈ-ಫೈ ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಕೆಟ್ಟಿದೆ. ಹೊಸದನ್ನು ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು. (ವಿಮರ್ಶಕರಾದರೆ ಇದಕ್ಕೊಂದು ಉದ್ದನೆಯ ಪದ ಹುಡುಕುತ್ತಿದ್ದರು. ಮುರಿಗೆಪ್ಪ ಬಳಸಿದ ಪದ ಚಿಕ್ಕದು, ಇಲ್ಲಿ ಬರೆಯುವಂತಿಲ್ಲ.)

2

ಲ್ಯಾಪ್‌ಟಾಪ್ ಅವನ ಹೆಂಡತಿ ನೀಲಾಬಾಯಿಯದು. ವಿಜಯಪುರದ ಕಡೆಯ ಈಕೆ ಪ್ರತಿ ಭಾನುವಾರ ಹನ್ನೊಂದಕ್ಕೆ ಏಳು ಜನ ಹೆಂಗಸರಿಗೆ ಆನ್‌ಲೈನಿನಲ್ಲಿ ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ. (ಮೊಬೈಲ್ ಸಾಲದೇ ಎನ್ನಬೇಡಿ, ಅದರಲ್ಲಿ ಅವರ ಹೊಲಿಗೆ ಕಾಣುವುದಿಲ್ಲ.) ಐವತ್ತೆರಡನೇ ವಯಸ್ಸಿಗೆ ಮೊದಲ ಸಲ ಆಕೆಯನ್ನು ಯಾರೋ ಟೀಚರ್ ಎಂದು ಕರೆಯುತ್ತಿದ್ದಾರೆ. ಹೋದ ಭಾನುವಾರ ಕ್ಲಾಸ್ ತಪ್ಪಿತು. ಇವತ್ತೂ ತಪ್ಪಿದರೆ ಬಿಟ್ಟೇಬಿಡುತ್ತೇನೆ, ಇಂಥದ್ದನ್ನು ಮುಟ್ಟುವ ಯೋಗ್ಯತೆ ನನಗಿಲ್ಲ ಎಂದು ಹೇಳಿ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ.

ಆದದ್ದಿಷ್ಟು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕತ್ತರಿ, ಸೂಜಿಡಬ್ಬಿಗಳ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ದೇವರ ಮುಂದೆ ಇಡಬೇಕಿತ್ತು. ಪೂಜೆಗಿಟ್ಟ ಹತ್ಯಾರ ಚಾಲೂ ಇರಬಾರದು ಎಂಬುದು ಆ ಮನೆಯ ಪದ್ಧತಿ. ಲ್ಯಾಪ್‌ಟಾಪೋ ಅದೇ ಹೊತ್ತಿಗೆ ತನ್ನ ಡ್ರೈವರನ್ನು ಅಪ್‌ಡೇಟ್ ಮಾಡಿಕೊಳ್ಳುತ್ತ, ಆಫ್ ಮಾಡಬೇಡಿ ಎಂದು ಬೇಡಿಕೊಳ್ಳುತ್ತಿತ್ತು. ನೀಲಾಬಾಯಿ ಅದನ್ನು ಆಫ್ ಮಾಡಿ

2, ಮತ್ತೊಮ್ಮೆ

ಕಥೆ ಇಲ್ಲಿ ಕ್ರ್ಯಾಶ್ ಆಯಿತು. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕಥೆಗಾರನನ್ನು ತಡೆದಳು.

"ನಾ ಮುಚ್ಚಳ ಅಷ್ಟ ಮುಚ್ಚೀನ್ರಿ. ಮುಚ್ಚಿದ್ದಕ್ಕ ಕೆಟ್ಟೈತಿ ಅಂತ ಅವರ ಹೇಳಿದ್ರು. ನಂಬೀನಿ."

ಮುರಿಗೆಪ್ಪ ಹೇಳಿದಂತೆ ಬರೆದೆ ಎಂದ ಕಥೆಗಾರ.

"ಅವರನ್ನ ಕೇಳಿದ್ರಿ. ನನ್ನ ಕೇಳಿದ್ರೇನು?"

ಕೇಳಿರಲಿಲ್ಲ. (ಕಥೆಗಾರನೂ ಗಂಡಸೇ. ನಾಚಿಕೆಯಾಯಿತು.)

3

(ಇಲ್ಲಿ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯ ಪ್ರೀತಮ್ ಬರಬೇಕಿತ್ತು. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡೋಣ ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಮಾತಿಲ್ಲ. ಹಾಗಾಗಿ ಅವನನ್ನೇ ಅಳಿಸಲಾಗಿದೆ.)

4

ಪವಾಯಿಯಲ್ಲಿ ಕೆಲಸ ಮಾಡುವ ಮಗಳು ವಿಜೇತಾ ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟಳು. ಸೇಫ್ ಮೋಡಿನಲ್ಲಿ ತೆರೆಯಬೇಕು, ಅಲ್ಲಿ ವೈ-ಫೈ ಏಳುವುದೇ ಇಲ್ಲವಾದ್ದರಿಂದ ಯಂತ್ರ ಸಾಯುವುದಿಲ್ಲ. ಕೆಟ್ಟ ಡ್ರೈವರನ್ನು ಕಿತ್ತುಹಾಕಬೇಕು. ಆಮೇಲೆ ಮಾಮೂಲಿನಂತೆ ತೆರೆದು, ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ, ಅದರ ನೆಟ್ಟಿನಲ್ಲಿ ಹೊಸ ಡ್ರೈವರ್ ಇಳಿಸಿಕೊಳ್ಳಬೇಕು. ಮುರಿಗೆಪ್ಪ ಮೊದಲ ಏಟಿಗೆ ಟಚ್‌ಪ್ಯಾಡಿನ ಡ್ರೈವರನ್ನೇ ಕಿತ್ತ, ಬೈಸಿಕೊಂಡ, ಹತ್ತೂವರೆಗೆ ಹೇಗೋ ಗೆದ್ದ. ವೈ-ಫೈ ಆನ್ ಆಗಿ ಹತ್ತು ನಿಮಿಷವಾದರೂ ಪರದೆ ನೀಲಿಯಾಗಲಿಲ್ಲ.

ಕಥೆ ಮುಗಿಯಬಹುದಿತ್ತು. ವಿಜೇತಾ ಫೋನ್ ಇಡಲಿಲ್ಲ.

"ಪಪ್ಪಾ, ಲಿಡ್ ಬಂದ್ ಮಾಡಿದ್ರೆ ಇಷ್ಟೆಲ್ಲಾ ಆಗಲ್ಲ. ಅಪ್‌ಡೇಟ್ ನಡೀತಿರುವಾಗ ಬೀಚ್ ಮೇ ಯಾರೋ ಪವರ್ ಬಟನ್ ದಬಾಕೆ ಹಿಡಿದಿದಾರೆ. ಮಮ್ಮಿ ತೋ ಆ ಬಟನ್ ಮುಟ್ಟೋದೇ ಇಲ್ಲ, ಸಿರ್ಫ್ ಲಿಡ್ ತೆಗೆದು ಮುಚ್ತಾಳೆ."

ಮುರಿಗೆಪ್ಪ ಏನೋ ಗೊಣಗಿ ಫೋನ್ ಇಟ್ಟ. ಹಿಡಿದವನು ಅವನೇ. ಮುಚ್ಚಳ ಮುಚ್ಚಿದ ಮೇಲೂ ಒಳಗೆ ಫ್ಯಾನ್ ಗುಂಯ್ ಎನ್ನುತ್ತಿತ್ತು, ನೈವೇದ್ಯಕ್ಕೆ ಹೊತ್ತಾಗಿತ್ತು. ಮತ್ತೆ ತೆರೆದು, ಸದ್ದು ನಿಲ್ಲುವವರೆಗೆ ಗುಂಡಿ ಒತ್ತಿದ್ದ. ಮರುದಿನ ನೀಲಿ ಪರದೆ ಕಂಡಾಗ ಹೆದರಿಕೆಯಾಗಿ, ಮೊದಲು ಬಾಯಿಗೆ ಬಂದದ್ದು ಹೆಂಡತಿಯ ಹೆಸರು.

ಅಂತ್ಯ ಅ

ಅವನು ಒಪ್ಪಿಕೊಳ್ಳುತ್ತಾನೆ. ಅವಳು ನಕ್ಕು ಚಹಾ ಮಾಡುತ್ತಾಳೆ. ("ನಾ ನಗೂದಿಲ್ಲ" ಎಂದಳು ನೀಲಾಬಾಯಿ. "ಬೇಕಾದ್ರ ನೀವ ನಗ್ರಿ.")

ಅಂತ್ಯ ಆ

ಅವನು ಬಾಯಿ ಬಿಡುವುದಿಲ್ಲ. ರಿಪೇರಿ ಮಾಡಿದ್ದು ನಾನು ಎಂದು ಊರೆಲ್ಲ ಮೆರೆಯುತ್ತಾನೆ. (ಮುರಿಗೆಪ್ಪನಿಗೆ ಇದು ಹಿಡಿಸಿತು. ಕಥೆಗಾರನಿಗೂ ಹಿಡಿಸಿತು, ಅದಕ್ಕೇ ಹೊಡೆದುಹಾಕಿದ.)

ಅಂತ್ಯ ಇ

ಹನ್ನೊಂದಾಯಿತು. ಪರದೆಯ ಮೇಲೆ ಏಳು ಮುಖಗಳು. ನೀಲಾಬಾಯಿ ಸೆರಗು ಸರಿಮಾಡಿಕೊಂಡು ಕೂತಳು.

"ಹೋದ ವಾರ ಕ್ಲಾಸ್ ಆಗ್ಲಿಲ್ರಿ. ತಪ್ಪು ನಂದ. ನಾನಽ ಕೆಡಿಸಿದ್ದೆ."

ಪಕ್ಕದಲ್ಲಿ ಚಾರ್ಜರಿನ ವೈರು ಹಿಡಿದು ನಿಂತಿದ್ದ ಮುರಿಗೆಪ್ಪ ವೈರನ್ನು ಕೆಳಗಿಟ್ಟ. ಬಗ್ಗಿ ಕ್ಯಾಮೆರಾದೊಳಗೆ ಮುಖ ತೂರಿಸಿದ. ಏಳು ಹೆಂಗಸರೂ ಇದ್ಯಾರು ಎಂದು ನೋಡಿದರು. ಅವನು ಕಥೆಗಾರನ ಕಡೆ ತಿರುಗಿ, ಒಂದು ಸಾಲು ಬರೆದುಕೊಡಿ, ಓದಿಬಿಡುತ್ತೇನೆ ಎಂದು ಕೇಳಿದ.

ಕಥೆಗಾರ ಪೆನ್ನು ಮುಚ್ಚಿದ. ಬರೆದುಕೊಟ್ಟರೆ ಅದು ಕಥೆಗಾರನ ಮಾತಾಗುತ್ತದೆ, ನೀಲಾಬಾಯಿಗೆ ಬೇಕಾಗಿರುವುದು ಗಂಡನ ಮಾತು. ಮೈಕ್ ಆನ್ ಇದೆ. ಅವಳು ಪಾಠ ಶುರು ಮಾಡದೆ ಅವನನ್ನೇ ನೋಡುತ್ತಿದ್ದಾಳೆ.