ಗೋಡೆಯ ಆಚೆ ಈಚೆ ಎರಡು ಸ್ವಿಚ್ಚು

ಸಂಜೆ ಏಳಕ್ಕೆ ಕರೆಂಟ್ ಬಂತು. ಶಂಕ್ರಮ್ಮ ಅಡುಗೆಮನೆಯ ಹೊಸ ಸ್ವಿಚ್ ಒತ್ತಿದಳು. ಪಡಸಾಲೆಯ ದೀಪ ಹತ್ತಿತು. ಅಡುಗೆಮನೆ ಕತ್ತಲಾಗಿಯೇ ಉಳಿಯಿತು.

ಗಂಗಾವತಿಯ ಆ ಮನೆಯಲ್ಲಿ ಹಿಂದಿನ ದಿನದವರೆಗೆ ಎರಡು ದೀಪಕ್ಕೂ ಇದ್ದದ್ದು ಒಂದೇ ಸ್ವಿಚ್, ಅದೂ ಪಡಸಾಲೆಯಲ್ಲಿ. ಮಾವ ಅಮರಪ್ಪ ಭತ್ತದ ವ್ಯಾಪಾರಿ; ಎಂಟೂವರೆಗೆ ದೀಪ ಆರಿಸಿ ಮಲಗುವವರು. ಶಂಕ್ರಮ್ಮನ ಗಂಡ ರೈಸ್‌ಮಿಲ್ಲಿನಿಂದ ಬರುವುದು ಒಂಬತ್ತಕ್ಕೆ. ಅವನಿಗೆ ಬಿಸಿರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಕತ್ತಲೆ. ಮಾವ ಮಲಗಿದ ಪಡಸಾಲೆಗೆ ಸೊಸೆ ಹೋಗುವಂತಿರಲಿಲ್ಲ. ಕೂಗಿ ಎಬ್ಬಿಸುವ ಮಾತಂತೂ ದೂರ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಬೆಂದ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕು. ಶಂಕ್ರಮ್ಮ ಅತ್ತೆ ಕಳಕಮ್ಮನ ಬಾಯಿಂದ ವರ್ಷವಿಡೀ ಹೇಳಿಸಿದ ಮೇಲೆ ಅಮರಪ್ಪ ವೈರ್‌ಮನ್ ಮೆಹಬೂಬಸಾಬನನ್ನು ಕರೆಸಿದ್ದರು.

ಅಂದು ಮಧ್ಯಾಹ್ನ ಅವನು ಬಂದಾಗ ಕರೆಂಟ್ ಇರಲಿಲ್ಲ. "ಛಲೋ ಆತು, ಹೊಡಿತೈತಿ ಅನ್ನೂ ಅಂಜಿಕಿಲ್ಲ" ಎನ್ನುತ್ತ ಒಂದೇ ಸ್ವಿಚ್ಚಿಗೆ ಕೂಡಿಸಿದ್ದ ಎರಡೂ ದೀಪದ ತಂತಿ ಬಿಡಿಸಿ, ಒಂದನ್ನು ಹಳೆಯ ಸ್ವಿಚ್ಚಿಗೆ ಬಿಟ್ಟು, ಇನ್ನೊಂದನ್ನು ಗೋಡೆಯಾಚೆಗೆ ಹೊಸ ಸ್ವಿಚ್ಚಿಗೆ ಜೋಡಿಸಿದ. ಎರಡೂ ಕೆಂಪು ತಂತಿ; ಯಾವುದು ಯಾವ ದೀಪದ್ದೆಂದು ಗುರುತಿಲ್ಲ. ಹಚ್ಚಿ ನೋಡಲು ದಾರಿಯಿರಲಿಲ್ಲ. "ಅದಲು ಬದಲಾಗಿದ್ರ ನಾಳೆ ಬರ್ತೀನ್ರಿ" ಎಂದು ಹೋದ.

ಅದಲು ಬದಲೇ ಆಗಿತ್ತು. ಅಮರಪ್ಪ ಹಳೆಯ ಸ್ವಿಚ್ ಒತ್ತಿದರೆ ಅಡುಗೆಮನೆ ಬೆಳಗಿತು. ಹರಟೆಗೆ ಬಂದಿದ್ದ ಗೆಳೆಯ ವಿರುಪಣ್ಣ ನಕ್ಕ.

"ಅಮರಪ್ಪ, ಇನ್ನ ಸೊಸಿ ಮಲಗು ಅಂದಾಗ ಮಲಗಬೇಕಪಾ ನೀ."

ಎಂಟೂವರೆಗೆ, ವಿರುಪಣ್ಣ ಎದ್ದು ಹೋದ ಮೇಲೆ, ಅಮರಪ್ಪ ರೂಢಿಯಂತೆ ಸ್ವಿಚ್ ಆರಿಸಿ ಹಾಸಿಗೆಯಲ್ಲಿ ಒರಗಿದರು. ಪಡಸಾಲೆ ಬೆಳಗುತ್ತಲೇ ಇತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯವ್ವಾ, ಇಲ್ಲೀದು ಆರಸು."

"ಕೈಯೆಲ್ಲ ಹಿಟ್ಟೈತ್ರಿ ಮಾವಾರ, ಕತ್ತಲದಾಗ ಏನೂ ಕಾಣವಲ್ದು. ಮೊದಲ ನಂದು ಹಚ್ರಿ."

ಮೂಲೆಯಲ್ಲಿ ಮಲಗಿದ್ದ ಕಳಕಮ್ಮ ಮುಸುಕಿನೊಳಗಿಂದಲೇ ಅಂದಳು: "ದಿನಾ ಆಕಿ ಹಿಂಗ ಕತ್ತಲದಾಗ ರೊಟ್ಟಿ ಬಡದಾಳ. ಒಂದಿನ ನಿಮ್ಮ ನಿದ್ದಿ ಕೆಟ್ರ ಏನಾತು?"

ಅಮರಪ್ಪ ಎದ್ದು ಅಡುಗೆಮನೆಯ ದೀಪ ಹಚ್ಚಿದರು. ಪಡಸಾಲೆಯದನ್ನು ಆರಿಸೆಂದು ಮತ್ತೆ ಕೇಳದೆ, ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೆ ಕಣ್ಣ ಮೇಲೆ ಟವೆಲ್ ಹಾಕಿಕೊಂಡು ಬೆಳಕಿನಲ್ಲೇ ಬಿದ್ದುಕೊಂಡರು.

ಬೆಳಿಗ್ಗೆ ಮೆಹಬೂಬಸಾಬ ಬಂದು ಫ್ಯೂಸ್ ಕಿತ್ತಾಗ ಅವರು ತಡೆದರು.

"ಇರಲಿ ಬಿಡೋ, ಮತ್ಯಾಕ ಬಿಚ್ಚೂದು? ಆಕಿ ದೀಪ ನಾ ಆರಸೂದಿಲ್ಲ."

ಮೆಹಬೂಬಸಾಬ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದಿನಿಂದ ಶಂಕ್ರಮ್ಮ ಮೆಲ್ಲಗೆ ಹೇಳಿದಳು.

"ನೀವು ಆರಸೂದಿಲ್ರಿ ಮಾವಾರ. ನಿಮ್ಮ ಕೈ ಆರಸ್ತೈತಿ. ಬದಲ ಮಾಡಸ್ರಿ."

ಅಮರಪ್ಪ ನಕ್ಕು, ಮಾಡು ಎಂಬಂತೆ ಕೈಯಾಡಿಸಿದರು. ಮೆಹಬೂಬಸಾಬ ಎರಡು ತಂತಿ ಬದಲಿಸಿ, ಈ ಸಲ ಫ್ಯೂಸ್ ಹಾಕಿ, ಹಚ್ಚಿ ನೋಡಿ ಹೋದ.

ಅಂದು ಎಂಟೂವರೆಗೆ ಪಡಸಾಲೆಯ ದೀಪ ಆರಿತು. ಅಡುಗೆಮನೆಯ ದೀಪವನ್ನು ಶಂಕ್ರಮ್ಮ, ಗಂಡ ಉಂಡು ಕೈತೊಳೆದ ಮೇಲೆ ಆರಿಸಿದಳು.