ಪೆಂಡ್ರಿ ದೊರೆಯ ಬಿನ್ನವತ್ತಳೆ

ಪೆಂಡ್ರಿ ದೊರೆ ಆಗ ಬ್ರಿಟಿಷರ ಕೈಯಲ್ಲಿದ್ದ ಗ್ರೀಕರ ಕಿಥಿರಾ ದ್ವೀಪಕ್ಕೆ ಅಧಿಕಾರಿಯಾಗಿ ಬರುವ ಹೊತ್ತಿಗೆ ಆಗಲೇ ಐದು ಸೀಮೆಗಳನ್ನು ಆಳಿ, ಐದು ಪುಸ್ತಕ ಬರೆದು ಮುಗಿಸಿದ್ದ. ಸಿಲೋನಿನವರು ಸೋಮಾರಿಗಳು, ಜಮೈಕಾದವರು ಸುಳ್ಳರು, ಗ್ಯಾಂಬಿಯಾದವರು ಎರಡೂ ಎಂದು ಅವುಗಳ ಸಾರಾಂಶ. ಅವನ ದುಭಾಷಿ ಮಿನಾಸ್ ಕಸಿಮಾತಿಸ್ ಅಷ್ಟನ್ನೂ ಓದಿದ್ದ. ಈ ಮನುಷ್ಯ ಎಲ್ಲಿಗೆ ಹೋದರೂ ತನ್ನ ಕುರ್ಚಿಯನ್ನೇ ಹೊತ್ತುಕೊಂಡು ಹೋಗಿ, ಅದರಲ್ಲೇ ಕೂತು ಎದ್ದು ಬಂದಿದ್ದಾನೆ ಎಂದುಕೊಂಡಿದ್ದ.

ನಾಲ್ಕು ವರ್ಷ ಕಳೆದರೂ ದೊರೆಗೆ ಗ್ರೀಕಿನಲ್ಲಿ ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ. ಸತ್ತುಹೋದ ಗ್ರೀಕರ ಮೇಲೆ ಮಾತ್ರ ಅವನಿಗೆ ಬಲು ಪ್ರೀತಿ. ಮುರಿದ ಕಂಬ ಕಂಡರೆ ಟೋಪಿ ತೆಗೆಯುತ್ತಿದ್ದ. ಬದುಕಿರುವವರು ನಮಸ್ಕರಿಸಿದರೆ ಮುಖ ತಿರುಗಿಸುತ್ತಿದ್ದ. ಮಿನಾಸನ ತಾಯಿ ಸ್ತಮಾತಾ ಅವನಿಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಅವಳ ಹೆಸರನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಆರನೆಯ ಪುಸ್ತಕ ಈ ದ್ವೀಪದ ಬಗ್ಗೆಯೇ. ಅದು ಅಚ್ಚಾಗಿ ಬಂದ ತಿಂಗಳಲ್ಲೇ ದೊರೆಗೆ ವರ್ಗವಾಯಿತು. ಮಿನಾಸ್ ಕಚೇರಿಯಲ್ಲಿ ನಿಂತುಕೊಂಡೇ ಹಾಳೆ ತಿರುವಿದ. ಒಂದು ಕಡೆ ಅಡುಗೆಯ ಮುದುಕಿಯ ಪ್ರಸ್ತಾಪವಿತ್ತು. ಅವಳು ಮೈ ತೊಳೆಯುವುದಿಲ್ಲ, ಎಣ್ಣೆ ಕದಿಯುತ್ತಾಳೆ, ಮಗನಿಗೆ ನಾಲ್ಕಕ್ಷರ ಇಂಗ್ಲಿಷ್ ಕಲಿಸಿ ನನ್ನ ಬಾಗಿಲಲ್ಲಿ ನಾಯಿಯಂತೆ ಕಟ್ಟಿಹಾಕಿದ್ದಾಳೆ ಎಂದು ಬರೆದಿತ್ತು. ಮಿನಾಸ್ ಪುಸ್ತಕ ಮುಚ್ಚಿಟ್ಟು, ಎಂದಿನಂತೆ ದೊರೆಯ ಮಸಿಕುಡಿಕೆಗೆ ಮಸಿ ತುಂಬಿಸಿದ. ಆ ಗಳಿಗೆಯಲ್ಲಿ ಅವನಿಗೆ ದೊರೆಗಿಂತ ತನ್ನ ಕೈಯ ಮೇಲೇ ಹೆಚ್ಚು ಅಸಹ್ಯವಾಯಿತು.

ಮರುದಿನ ದೊರೆ ಒಂದು ಕಾಗದ ಕೊಟ್ಟ. ದ್ವೀಪದ ಜನ ತನಗೆ ಅರ್ಪಿಸಬೇಕಾದ ಬಿನ್ನವತ್ತಳೆಯನ್ನು ತಾನೇ ಬರೆದಿದ್ದ. ಶುರುವಾಗುವುದೇ ‘ನಮ್ಮ ತಂದೆಯೇ’ ಎಂದು. ಮಿನಾಸ್ ಅದನ್ನು ಗ್ರೀಕಿಗೆ ತಿರುಗಿಸಿ ಊರ ಚೌಕದಲ್ಲಿ ಓದಬೇಕು. ಇಂಗ್ಲಿಷ್ ಪ್ರತಿ ಲಂಡನ್ನಿನ ಪತ್ರಿಕೆಗೆ ಹೋಗುತ್ತದೆ.

“ಸ್ವಲ್ಪ ಗದ್ಗದವಾಗಿ ಓದು. ನಿಮ್ಮ ಜನಕ್ಕೆ ಅದು ಚೆನ್ನಾಗಿ ಬರುತ್ತೆ,” ಎಂದ ದೊರೆ.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಚೌಕ ತುಂಬಿತು. ಮಿನಾಸ್ ಕಾಗದ ಬಿಚ್ಚಿದ. ಅದರಲ್ಲಿ ಅವನು ಬರೆದುಕೊಂಡು ಬಂದಿದ್ದು ಬಿನ್ನವತ್ತಳೆಯನ್ನಲ್ಲ, ದೊರೆಯ ಆರನೆಯ ಪುಸ್ತಕದ ಮಾತುಗಳನ್ನು. ರೈತರು, ಪಾದ್ರಿ, ಮೇಷ್ಟ್ರು, ತನ್ನ ತಾಯಿ, ಯಾರನ್ನೂ ಬಿಡದೆ, ಒಂದು ಪದ ಕೂಡಿಸದೆ, ಒಂದು ಪದ ಕಳೆಯದೆ ಗ್ರೀಕಿನಲ್ಲಿ ಓದಿದ. ನಾಯಿಯ ಸಾಲನ್ನೂ ಓದಿದ. ಸ್ತಮಾತಾ ಮುಸುಕನ್ನು ಗದ್ದದ ಕೆಳಗೆ ಬಿಗಿದುಕೊಂಡು ಮಗನನ್ನೇ ನೋಡುತ್ತಿದ್ದಳು. ಯಾರೂ ಕೆಮ್ಮಲಿಲ್ಲ. ದೊರೆ ಆ ಮೌನವನ್ನು ಭಕ್ತಿಯೆಂದು ತಿಳಿದು ಕಣ್ಣೊರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟು ಮೂರು ಸಲ ತಲೆಬಾಗಿದ.

ಆಗ ಮೇಷ್ಟ್ರು ಹಿಂದಿನಿಂದ ಕೇಳಿದರು: “ಅಷ್ಟೇನಾ ಮಿನಾಸ್? ನಮ್ಮ ಕತ್ತೆಗಳ ಬಗ್ಗೆ ಏನೂ ಬರೆದಿಲ್ವಾ?”

“ಅವನ್ನ ಮಾತ್ರ ಹೊಗಳಿದಾರೆ ಮೇಷ್ಟ್ರೇ.”

ಚೌಕವೆಲ್ಲ ನಕ್ಕಿತು. ಜನ ನಗುವುದನ್ನು ಕಂಡು ದೊರೆಯೂ ನಕ್ಕ.

ಸಾಮಾನು ಸರಂಜಾಮು ಕಪ್ಸಾಲಿ ಬಂದರಿಗೆ ಇಳಿಯಿತು. ಆದರೆ ತೆಂಕಣ ಗಾಳಿ ಎದ್ದು ಹಡಗು ದಡಕ್ಕೆ ಬರಲಾಗಲಿಲ್ಲ. ಬೀಳ್ಕೊಂಡು ಬಂದವನು ಮತ್ತೆ ಗುಡ್ಡ ಹತ್ತಿ ಹೋಗುವುದು ದೊರೆಯ ಘನತೆಗೆ ಕಡಿಮೆ. ಎರಡು ದಿನ ಪೆಟ್ಟಿಗೆಗಳ ನಡುವೆ ಕೂತ. ಊಟದಂಗಡಿಯವನು ಒಲೆ ಹತ್ತುತ್ತಿಲ್ಲ ಎಂದ. ಮೊಟ್ಟೆ ಮಾರುವವಳು ಕೋಳಿಗಳು ಮುನಿಸಿಕೊಂಡಿವೆ ಎಂದಳು.

ಮೂರನೆಯ ದಿನ ಸ್ತಮಾತಾ ಬೇಳೆಯ ಸಾರನ್ನು ಬಟ್ಟಲಿಗೆ ಬಗ್ಗಿಸಿ, ಮೇಲೆ ರೊಟ್ಟಿಯಿಟ್ಟು ಮಗನ ಕೈಗೆ ಕೊಟ್ಟಳು.

“ನಿನ್ನನ್ನ ಕಳ್ಳಿ ಅಂದವನಿಗೇನಮ್ಮ ಇದು?”

“ಹಸಿದವರಿಗೆ ಇಕ್ಕೋದು ನಮ್ಮನೆ ಬುದ್ಧಿ ಕಣೋ. ಬೈಯೋದು ಅವನ ಮನೆ ಬುದ್ಧಿ. ತಗೊಂಡು ಹೋಗು. ಎಣ್ಣೆ ಜಾಸ್ತೀನೇ ಹಾಕಿದೀನಿ.”

ದೊರೆ ಗಬಗಬನೆ ತಿಂದ. ಈ ಜನಕ್ಕೆ ತನ್ನ ಮೇಲೆ ಇಷ್ಟೊಂದು ಅಭಿಮಾನವೆಂದು ಗೊತ್ತೇ ಇತ್ತು ಎಂದ. ಆಮೇಲೆ ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು, “ಆ ಅಡುಗೆ ಮುದುಕಿ ಹೆಸರೇನು? ಮುಂದಿನ ಪುಸ್ತಕದಲ್ಲಿ ಹಾಕ್ತೀನಿ,” ಎಂದು ಕೇಳಿದ.

“ತಿಂದಾಗಿದ್ರೆ ಬಟ್ಟಲು ಕೊಡಿ,” ಎಂದ ಮಿನಾಸ್.

ಮಾರನೆಯ ದಿನ ಗಾಳಿ ತಿರುಗಿ ದೊರೆಯ ಹಡಗು ಹೊರಟುಹೋಯಿತು. ಹೊಸ ದೊರೆ ಬಂದವನೇ ದುಭಾಷಿಗಾಗಿ ಹೇಳಿಕಳಿಸಿದ. ತನಗೆ ಇಂಗ್ಲಿಷ್ ಪೂರ್ತಿ ಮರೆತುಹೋಗಿದೆ ಎಂದು ಮಿನಾಸ್ ಗ್ರೀಕಿನಲ್ಲಿ ಉತ್ತರ ಕಳಿಸಿ, ಆಲಿವ್ ಮರಗಳಿಗೆ ಪಾತಿ ಮಾಡಲು ಹೋದ.