ನಾಲ್ಕು ಗಂಟೆಯ ಹಲೀಮ್

ರಂಜಾನಿನ ಮೊದಲ ವಾರವಿಡೀ ಸಾಬಿರಾಳ ವೆಬ್‌ಸೈಟ್ ಸಂಜೆ ನಾಲ್ಕಕ್ಕೆ ಸರಿಯಾಗಿ ಮಕಾಡೆ ಮಲಗುತ್ತಿತ್ತು. ಪುಲಿಕೇಶಿನಗರದ ಆರು ಅಡುಗೆಮನೆಗಳ ಗೋಧಿ-ಮಾಂಸದ ಹಲೀಮನ್ನು ಮುಂಗಡ ಕಾಯ್ದಿರಿಸುವ ಸೈಟ್ ಅದು. ಬುಕಿಂಗ್ ತೆರೆದದ್ದೇ ತಡ, ಇಪ್ಪತ್ತು ಸಾವಿರ ಜನ ಒಮ್ಮೆಗೇ ನುಗ್ಗುತ್ತಿದ್ದರು.

ಕುಕ್ ಟೌನ್‌ನ ಹಳೇ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳೇ ಅವಳ ಆಫೀಸು. ಸೈಟ್ ನಿಲ್ಲುವುದೂ ಬೀಳುವುದೂ ಅದನ್ನು ಬರೆಯುವ ಕೋಡ್ ಭಾಷೆಯ ಮೇಲೇ ಎಂದು ಅಲ್ಲಿದ್ದ ಇಬ್ಬರು ಎಂಜಿನಿಯರುಗಳಿಗೂ ಖಾತ್ರಿಯಾಗಿತ್ತು. ಆದರೆ ಯಾವ ಭಾಷೆ ಸರಿ ಎಂಬುದರಲ್ಲಿ ಮಾತ್ರ ಜಗಳ.

"ಈ ಕಾಲದಲ್ಲಿ ಯಾರಮ್ಮ ಪಿಎಚ್‌ಪಿ ಬರೀತಾರೆ? ಇಷ್ಟು ಟ್ರಾಫಿಕ್ಕಿಗೆ ನೋಡ್ ಜೆಎಸ್ ಒಂದೇ ದಾರಿ," ಎಂದ ಕಿರಣಕುಮಾರ.

"ನೋಡ್ ನೋಡ್ ಅಂತ ಮೂರು ದಿನದಿಂದ ನೋಡಿದ್ದೇ ಆಯ್ತು," ಎಂದಳು ರಮ್ಯ. "ಇರೋ ಪಿಎಚ್‌ಪಿನ ನೆಟ್ಟಗೆ ಮಾಡಿದ್ರೆ ಸಾಕು ಗುರು."

ಸಾಬಿರಾ ತಲೆ ಹಿಡಿದುಕೊಂಡಳು. "ಬಸ್! ಬುಕಿಂಗ್ ಪುಟಾನ ಇಬ್ರೂ ನಿಮ್ಮ ನಿಮ್ಮ ಭಾಷೇಲಿ ಹೊಸದಾಗಿ ಬರ್ಕೊಂಡ್ ಬನ್ನಿ. ಶುಕ್ರವಾರ ನೋಡೋಣ."

ಶುಕ್ರವಾರ ಪರದೆಯ ಮೇಲೆ ಎರಡು ಬಟನ್ನುಗಳಿದ್ದವು. ಒಂದರ ಮೇಲೆ ಪಿಎಚ್‌ಪಿ, ಇನ್ನೊಂದರ ಮೇಲೆ ನೋಡ್ ಎಂದಿತ್ತು. ಕಿರಣಕುಮಾರ ನೋಡ್ ಒತ್ತಿ, "ಬೆಣ್ಣೆ ಥರ ಜಾರ್ತಿದೆ ಮಗಾ!" ಎಂದು ಕಣ್ಣರಳಿಸಿದ. ರಮ್ಯ ಪಿಎಚ್‌ಪಿ ಒತ್ತಿ, "ಇದರ ಸ್ಪೀಡೇ ಬೇರೆ ಬಿಡಿ," ಎಂದಳು.

ಮರುಕ್ಷಣ ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿ ನಕ್ಕರು.

"ನೀನು ಹೊಗಳಿದ್ದು ನನ್ನ ಪಿಎಚ್‌ಪಿನ! ಬೆಳಿಗ್ಗೆ ಬಂದು ಬಟನ್ ಅದಲು ಬದಲು ಮಾಡ್ಬಿಟ್ಟಿದ್ದೆ," ಎಂದಳು ರಮ್ಯ.

ಕಿರಣಕುಮಾರನ ನಗು ಅರ್ಧಕ್ಕೇ ನಿಂತಿತು. "ಬೆಳಿಗ್ಗೆನಾ? ನಾನು ಊಟದ ಹೊತ್ತಲ್ಲಿ ಮಾಡಿದ್ನಲ್ಲ!"

ಎರಡು ಸಲ ಅದಲು ಬದಲಾಗಿ ಬಟನ್ನುಗಳು ಮೊದಲಿದ್ದ ಜಾಗಕ್ಕೇ ಬಂದಿದ್ದವು. ಇಬ್ಬರೂ ಹೊಗಳಿದ್ದು ತಮ್ಮ ತಮ್ಮದನ್ನೇ. ಸಾಬಿರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂಲೆಯಲ್ಲಿ ಕುಳಿತಿದ್ದ ಟೆಸ್ಟರ್ ಸೌಂದರ್ಯಾ ಮಾತ್ರ ನಗಲಿಲ್ಲ. ಲಿಂಗಸುಗೂರಿನಿಂದ ಬಂದ ಅವಳು ಈ ಆಫೀಸು ಸೇರಿ ಎರಡೇ ತಿಂಗಳಾಗಿತ್ತು. ಆ ಎರಡೂ ಪುಟಗಳ ಮೇಲೆ ಇಪ್ಪತ್ತು ಸಾವಿರ ಸುಳ್ಳು ಗಿರಾಕಿಗಳನ್ನು ಕಂಪ್ಯೂಟರಿನಿಂದ ನುಗ್ಗಿಸಿ ಆಗಲೇ ಪರೀಕ್ಷೆ ಮಾಡಿದ್ದಳು.

"ಎರಡೂ ಬಿದ್ದಾವ್ರಿ ಮೇಡಂ," ಎಂದಳು. "ಅದೂ ಒಂದ ಜಾಗದಾಗ. ಪುಟ ತೆಗದ ಒಬ್ಬೊಬ್ಬರ ಸಲುವಾಗೂ ಎಷ್ಟು ಪ್ಲೇಟ್ ಉಳದಾವಂತ ಡೇಟಾಬೇಸಿಗೆ ಕೇಳ್ತಾವ್ರಿ. ಇಪ್ಪತ್ತು ಸಾವಿರ ಮಂದಿ ಅಡಗಿಮನ್ಯಾಗ ಹೊಕ್ಕು ಡೇಗ್ಚಿ ಮುಚ್ಚಳ ತೆಗದು ನೋಡಿದಂಗ. ಎರಡು ಸೆಕೆಂಡಿಗೊಮ್ಮೆ ನಾವ ಒಮ್ಮೆ ನೋಡಿ, ಹೊರಗ ಬೋರ್ಡ್ ಹಾಕಿದ್ರ ಸಾಕಲ್ರಿ?"

ಎಂಜಿನಿಯರುಗಳಿಬ್ಬರೂ ತಮ್ಮ ತಮ್ಮ ಬಾಟಲಿಯ ನೀರು ಕುಡಿದರು.

"ಹಾಗಾದ್ರೆ ಯಾವ ಭಾಷೆ?" ಎಂದಳು ಸಾಬಿರಾ.

"ಯಾವುದಾದ್ರೂ ನಡೀತದ್ರಿ. ಆದ್ರ ಇದ್ದದ್ದು ಪಿಎಚ್‌ಪಿ ಐತಿ, ಎಲ್ಲಾರಿಗೂ ಬರ್ತದ. ಹಬ್ಬ ಮುಂದ ಇಟ್ಕೊಂಡು ಮನಿ ಯಾಕ ಕೆಡವಬೇಕ್ರಿ?"

ರಮ್ಯ ಗೆದ್ದವಳಂತೆ ಕಾಲರ್ ಎತ್ತಿದಳು. ಸೌಂದರ್ಯಾ ಅವಳತ್ತ ತಿರುಗಿ, "ಡೇಟಾಬೇಸಿಗೆ ಕೇಳೋ ಆ ಕೋಡ್ ಸಾಲು ಮೊದ್ಲ ಬರದವ್ರು ನೀವ ಅಲ್ರಿ ಅಕ್ಕ?" ಎಂದಳು. ಕಾಲರ್ ಕೆಳಗಿಳಿಯಿತು. ಕಿರಣಕುಮಾರ ತುಟಿ ಕಚ್ಚಿಕೊಂಡು ಕಿಟಕಿಯ ಹೊರಗೆ ನೋಡಿದ. ಅವನೂ ಆ ಸಾಲನ್ನು ಕಣ್ಣುಮುಚ್ಚಿ ನಕಲು ಮಾಡಿಕೊಂಡಿದ್ದ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸೇರಿ ಅದನ್ನು ತಿದ್ದಿದರು. ಸಂಜೆ ನಾಲ್ಕಾಯಿತು. ನಾಲ್ಕೂ ಜನ ಪರದೆ ನೋಡುತ್ತ ನಿಂತರು. ಸೈಟ್ ಅಲ್ಲಾಡಲಿಲ್ಲ. ಹನ್ನೊಂದೇ ನಿಮಿಷಕ್ಕೆ ಹಲೀಮ್ ಅಷ್ಟೂ ಖಾಲಿಯಾಯಿತು.

ಆಗಷ್ಟೇ ಸಾಬಿರಾ ತನ್ನ ಫೋನ್ ತೆಗೆದು ಅಮ್ಮನಿಗಾಗಿ ಎರಡು ಪ್ಲೇಟ್ ಹಾಕಲು ಹೋದಳು. 'ಮುಗಿದಿದೆ, ನಾಳೆ ಬನ್ನಿ' ಎಂದಿತು ಸೈಟ್.

"ಯಾ ಅಲ್ಲಾ," ಎಂದಳು ಅವಳು. "ಸೈಟನ್ನ ಸ್ವಲ್ಪ ನಿಧಾನ ಮಾಡೋಕಾಗುತ್ತಾ?"